ಕಣದಲ್ಲಿ ಉಣ್ಣುವವರ ಪಾಲು

ಮಳೆಗಾಲದಲ್ಲಿ ಮಲೆನಾಡಿನ ಮನೆಯ ಹುಳಿಗೆ ಬೀಳುವುದು ಕೆಸುವಿನ ದಂಟಾಗಿರಲಿ, ಅಟ್ಟದಲ್ಲಿ ಕಟ್ಟಿಟ್ಟ ಮೊಗೆಕಾಯಿಯಾಗಿರಲಿ, ಅದರೊಡನೆ ಬೇಯುವ ತೊಗರಿಬೇಳೆ ಮಾತ್ರ ನಮ್ಮ ಮಣ್ಣಿನದಲ್ಲ. ಅದು ಐನೂರು ಕಿಲೋಮೀಟರಿಗೂ ಆಚೆಯ ಕಲಬುರಗಿ, ಬೀದರ್ ಜಿಲ್ಲೆಗಳ ಬಯಲಿನಿಂದ ಬಂದದ್ದು. ಒಮ್ಮೊಮ್ಮೆ ಮೊಜಾಂಬಿಕ್, ಮ್ಯಾನ್ಮಾರ್ ದೇಶಗಳಿಂದ ಹಡಗೇರಿ ಬಂದದ್ದೂ ಇರಬಹುದು. ನಿತ್ಯ ಉಣ್ಣುವ ಬೇಳೆಯ ಬಗ್ಗೆ ನಮಗೆ ತಿಳಿದಿರುವುದು ಅದರ ದರವೊಂದೇ. ಬೆಳೆದವರು ಯಾರು, ಆ ವರ್ಷ ಅವರ ಹೊಲಕ್ಕೆ ಮಳೆ ಬಂದಿತ್ತೇ, ಮಾರಿದ ಮೇಲೆ ಅವರ ಕೈಯಲ್ಲಿ ಏನಾದರೂ ಉಳಿಯಿತೇ ಎಂದು ಕೇಳುವ ದಾರಿಯೇ ನಮಗಿಲ್ಲ. ಆದ್ದರಿಂದ ಬೆಟ್ಟದ ಪತ್ರಿಕೆಯೊಂದು ಈ ಸಲ ಬಯಲುಸೀಮೆಯ ಸಂತಪುರದ ಮಾತೆತ್ತಿದರೆ ಓದುಗರು ಅಚ್ಚರಿಪಡಬೇಕಾಗಿಲ್ಲ.

ಸಂತಪುರವು ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಊರು. ಔರಾದ ನಮ್ಮ ರಾಜ್ಯದ ಉತ್ತರದ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ. ಇಲ್ಲಿನ ಒಕ್ಕಲುತನ ಬಹುಪಾಲು ಮಳೆಯನ್ನೇ ನಂಬಿದ್ದು. ಮೃಗಶಿರೆಯ ಮಳೆ ಬಿದ್ದೊಡನೆ ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಹಿಂದೆ ಈ ಹೊಲಗಳಲ್ಲಿ ಅಕ್ಕಡಿ ಸಾಲುಗಳು ತಪ್ಪದೆ ಇರುತ್ತಿದ್ದವು. ಮುಖ್ಯ ಬೆಳೆಯ ನಡುವೆ ಸಜ್ಜೆ, ಎಳ್ಳು, ಅವರೆ, ಅಲಸಂದೆ, ಬದುವಿನ ಮೇಲೆ ಪುಂಡಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಬಿತ್ತದೆಯೇ ಏಳುವ ಸೊಪ್ಪುಗಳನ್ನು ಹೆಂಗಸರು ಕಳೆ ಕೀಳುವಾಗಲೇ ಮಡಿಲಿಗೆ ತುಂಬಿಕೊಳ್ಳುತ್ತಿದ್ದರು.

ಕಳೆದ ಎರಡು ಮೂರು ದಶಕಗಳಲ್ಲಿ ಆ ಹೊಲಗಳ ದೊಡ್ಡ ಭಾಗವನ್ನು ಸೋಯಾ ಅವರೆ ನುಂಗಿದೆ. ಸೋಯಾ ಬೆಳೆಯುವ ರೈತರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಡಿಕೆಗೆ ಬೆಲೆ ಬಂದಾಗ ಗದ್ದೆಗಳನ್ನೆಲ್ಲ ತೋಟ ಮಾಡಿದ ಮಲೆನಾಡಿಗರಿಗೆ ಆ ಹಕ್ಕೂ ಇಲ್ಲ. ಆದರೆ ಸೋಯಾ ಮನೆಯ ಒಲೆಗೆ ಬಾರದ ಬೆಳೆ. ಅದು ಎಣ್ಣೆ ಗಿರಣಿಗೂ ಕೋಳಿ ಆಹಾರದ ಕಾರ್ಖಾನೆಗೂ ಹೋಗುತ್ತದೆ. ಅದರ ಹೊಲಕ್ಕೆ ಸಿಂಪಡಿಸುವ ಕಳೆನಾಶಕಕ್ಕೆ ಸೊಪ್ಪು ಯಾವುದು ಕಳೆ ಯಾವುದು ಎಂಬ ಭೇದ ಗೊತ್ತಿಲ್ಲ. ಹೀಗೆ ಹೊಲದ ಒಡತಿಯೇ ಸಂತೆಗೆ ಬಂದು ಸೊಪ್ಪು ಕೊಳ್ಳುವ ಕಾಲ ಬಂದಿದೆ.

ಬೆಳೆಯ ಜೊತೆಗೆ ಬೆಳೆಯ ಹಣವೂ ಬದಲಾಯಿತು. ಬೀಜ, ಗೊಬ್ಬರ, ಔಷಧಿಗಳಿಗೆ ಮೇ ತಿಂಗಳಲ್ಲೇ ಹಣ ಬೇಕು. ರಾಶಿಯಾಗುವುದು ಹಬ್ಬಗಳ ಹೊತ್ತಿಗೆ. ಈ ನಡುವಿನ ತಿಂಗಳುಗಳನ್ನು ಸಣ್ಣ ರೈತರು ದಾಟುವುದು ಬಹಳ ಸಲ ಅಡತಿ ಅಂಗಡಿಯ ಮುಂಗಡದಿಂದ. ಆ ಮುಂಗಡಕ್ಕೆ ಬಡ್ಡಿಯುಂಟು. ಬಡ್ಡಿಗಿಂತಲೂ ಭಾರವಾದದ್ದು, ರಾಶಿಯನ್ನು ಅದೇ ಅಂಗಡಿಗೆ ಹಾಕಬೇಕೆಂಬ ಬರೆಯದ ಕರಾರು. ಸುಗ್ಗಿಯಲ್ಲಿ ದರ ಇಳಿದಿದ್ದರೂ ಕಾಯುವ ಹಾಗಿಲ್ಲ. ಮಳೆ ಬಾರದೆ ಬೆಳೆ ಹೋದರೆ ಸಾಲ ಮಾತ್ರ ಉಳಿಯುತ್ತದೆ. ಒಟ್ಟಿನಲ್ಲಿ, ಬೆಳೆಗೆ ಮುಂಚಿತವಾಗಿ ಹಣ ಕೊಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಕೊಡುವವನು ನಷ್ಟದಲ್ಲಿ ಪಾಲುದಾರನಲ್ಲ ಎಂಬುದಷ್ಟೇ ಅದರ ದೋಷ.

ಹೊಲದ ಪಾಲುದಾರಿಕೆ ಎಂದು ನಾವು ಇಲ್ಲಿ ಕರೆಯುತ್ತಿರುವ ವ್ಯವಸ್ಥೆ ಆ ಮುಂಗಡವನ್ನು ಉಣ್ಣುವವರ ಕೈಯಿಂದ ಕೊಡಿಸುತ್ತದೆ. ಪಾಲಿಗೆ ಹೊಲ ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಭೂಮಾಲೀಕನಿಗೆ ಪಾಲು, ಇಲ್ಲಿ ಬೆಳೆಯುವವರು ಯಾರಿಗೂ ಗೇಣಿದಾರರಲ್ಲ. ಕೆಲವು ಮನೆಗಳು ಸೇರಿ, ಸಮೀಪದ ಕೆಲವು ಹೊಲಗಳ ವರ್ಷದ ಖರ್ಚನ್ನೂ ದುಡಿಮೆಯನ್ನೂ ಲೆಕ್ಕ ಹಾಕಿ, ಬಿತ್ತನೆಗೆ ಮೊದಲೇ ತಮ್ಮ ಭಾಗವನ್ನು ಕೊಡುತ್ತವೆ. ಬೆಳೆದದ್ದನ್ನು ಬೆಳೆದ ಹಾಗೆಯೇ ಹಂಚಿಕೊಳ್ಳುತ್ತವೆ. ಹೆಚ್ಚು ಬಂದರೆ ಹೆಚ್ಚು, ಕಡಿಮೆ ಬಂದರೆ ಕಡಿಮೆ.

ಇದು ಬೇರೆ ದೇಶಗಳಲ್ಲಿ ಪರೀಕ್ಷೆಗೊಳಗಾದ ದಾರಿ. ಜಪಾನಿನಲ್ಲಿ ಕೈಗಾರಿಕೆಯ ವಿಷದಿಂದ ಮಿನಮಾಟದ ಜನ ನರಳಿದ ನಂತರದ ವರ್ಷಗಳಲ್ಲಿ, ಹಾಲು ತರಕಾರಿಗಳನ್ನು ನಂಬಲಾಗದ ಗೃಹಿಣಿಯರು ನೇರವಾಗಿ ರೈತರೊಡನೆ ಒಪ್ಪಂದ ಮಾಡಿಕೊಳ್ಳತೊಡಗಿದರು. 1971ರಲ್ಲಿ ಅಲ್ಲಿ ಸಾವಯವ ಕೃಷಿ ಸಂಘ ಸ್ಥಾಪನೆಯಾದ ಮೇಲೆ ಈ ಒಪ್ಪಂದಕ್ಕೆ ‘ತೇಕೇ’ ಎಂಬ ಹೆಸರು ನೆಲೆಗೊಂಡಿತು. ಕೈಜೋಡಿಸುವುದು ಎಂದು ಅದರ ಅರ್ಥ. ಅಮೆರಿಕದಲ್ಲಿ ಇಂಥ ಮೊದಲ ಹೊಲಗಳು ಆರಂಭವಾದದ್ದು 1986ರಲ್ಲಿ.

ಆದರೆ ಸಂತಪುರದವರು ಜಪಾನಿನವರೆಗೆ ಹೋಗಬೇಕಾಗಿಲ್ಲ. ಬೀದರ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಜಹೀರಾಬಾದ್ ಸೀಮೆಯಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಮಾಡುತ್ತ ಬಂದಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ, ಮೈಸೂರು ಮೂಲದ ಪಿ. ವಿ. ಸತೀಶ್ 2023ರಲ್ಲಿ ತೀರಿಕೊಂಡರು. ಸೊಸೈಟಿಯ ಬಲವೆಂದರೆ ಹಳ್ಳಿಹಳ್ಳಿಯ ಮಹಿಳಾ ಸಂಘಗಳು; ಅವುಗಳ ಸದಸ್ಯೆಯರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು, ಒಂದೆರಡು ಎಕರೆ ಕಲ್ಲುಭೂಮಿಯ ಒಡತಿಯರು. 1990ರ ದಶಕದಲ್ಲಿ ಈ ಸಂಘಗಳು ತಮ್ಮದೇ ಆದ ಪಡಿತರ ವ್ಯವಸ್ಥೆಯೊಂದನ್ನು ರೂಪಿಸಿದವು. ಬೀಳುಬಿಟ್ಟ ಭೂಮಿಯನ್ನು ಉಳಲು, ಗೊಬ್ಬರ ಹಾಕಲು, ಕಳೆ ತೆಗೆಯಲು ಎಕರೆಗೆ ಇಷ್ಟೆಂದು ಸಾಲ. ಸಾಲದ ಮರುಪಾವತಿ ಹಣದಲ್ಲಲ್ಲ, ಕೆಲವು ವರ್ಷಗಳ ಕಾಲ ಜೋಳದ ರೂಪದಲ್ಲಿ. ಆ ಜೋಳ ಊರಿನಲ್ಲೇ ಶೇಖರವಾಗಿ, ಮಳೆಗಾಲದ ಕಷ್ಟದ ದಿನಗಳಲ್ಲಿ ಬಡ ಮನೆಗಳಿಗೆ ಪೇಟೆಗಿಂತ ಕಡಿಮೆ ದರದಲ್ಲಿ ಸಿಗುತ್ತಿತ್ತು. ಯಾವ ಮನೆ ಎಷ್ಟು ಬಡವೆಂಬುದನ್ನು ತೀರ್ಮಾನಿಸಿದ್ದು ಊರವರೇ, ಕಚೇರಿಯ ಗುಮಾಸ್ತರಲ್ಲ. ತಮ್ಮ ಕಾಳುಗಳನ್ನು ಮಾರಲು ಜಹೀರಾಬಾದಿನಲ್ಲಿ ಅಂಗಡಿ ತೆರೆದರು, ಹೈದರಾಬಾದಿನ ಗ್ರಾಹಕರಿಗೆ ವ್ಯಾನಿನಲ್ಲಿ ತಲುಪಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಹೆಂಗಸರಿಗೆ ಸಂದಿತು. ಪ್ರಶಸ್ತಿಗಿಂತ ನಮಗೆ ದೊಡ್ಡದಾಗಿ ಕಾಣುವುದು ಅವರು ಕಂಡುಕೊಂಡ ಲೆಕ್ಕ: ಮುಂಗಡ ಮೊದಲು, ಕಾಳು ನಂತರ, ನಡುವೆ ಅಡತಿಯಿಲ್ಲ. ಅದೇ ಮಣ್ಣು, ಅದೇ ಮಳೆ ಇರುವ ಔರಾದ, ಭಾಲ್ಕಿ ತಾಲ್ಲೂಕುಗಳಲ್ಲಿ ಅದು ಸಾಗದೆಂದು ಹೇಳಲು ಕಾರಣ ಕಾಣದು.

ಸಂತಪುರದಲ್ಲಿಯೂ ಇದಕ್ಕೆ ಬೀಜರೂಪದ ಸಂಪ್ರದಾಯವೊಂದಿದೆ. ಎಳ್ಳಮಾವಾಸ್ಯೆಯ ದಿನ ಬೀದರ್ ಜಿಲ್ಲೆಯ ಊರುಗಳು ಖಾಲಿಯಾಗುತ್ತವೆ, ಜನವೆಲ್ಲ ಹೊಲದಲ್ಲಿ. ಹೊಲವಿಲ್ಲದವರನ್ನೂ ನಗರದ ನೌಕರರನ್ನೂ ಹೊಲದವರು ಕರೆದುಕೊಂಡು ಹೋಗುತ್ತಾರೆ. ಸಜ್ಜೆ ರೊಟ್ಟಿ, ಜೋಳದ ಕಡುಬು, ಅಂಬಲಿ, ಅದರೊಡನೆ ಭಜ್ಜಿ. ನಮ್ಮ ಕಡೆಯವರು ಎಣ್ಣೆಯಲ್ಲಿ ಕರಿದದ್ದೆಂದು ತಿಳಿಯಬಾರದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಗಜ್ಜರಿ, ಬದನೆ, ಹೀಗೆ ಆ ಹೊತ್ತಿಗೆ ಹೊಲದಲ್ಲಿ ಏನೇನಿದೆಯೋ ಅಷ್ಟನ್ನೂ ಹುಣಸೆಹುಳಿಯೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸಿದ ಪಲ್ಯವದು. ಸೋಯಾ ಒಂದನ್ನೇ ಬೆಳೆದ ಹೊಲದಲ್ಲಿ ಈ ಭಜ್ಜಿ ಆಗುವುದಿಲ್ಲ. ಸಾಮಗ್ರಿಯನ್ನು ಪೇಟೆಯಿಂದ ಕೊಂಡು ಹೊಲಕ್ಕೆ ಹೊರಬೇಕು. ವರ್ಷದ ಒಂದು ದಿನ ನಡೆಯುವ ಈ ಕರೆಯುವಿಕೆಯನ್ನು ವರ್ಷದುದ್ದಕ್ಕೂ ಹರಡಿದರೆ ಹೊಲದ ಪಾಲುದಾರಿಕೆಯ ಅರ್ಧ ಕೆಲಸ ಆದಂತೆ.

ಉಳಿದರ್ಧ ಲೆಕ್ಕದ ಕೆಲಸ. ಇಪ್ಪತ್ತೈದು ಮನೆ, ನಾಲ್ಕೈದು ಹೊಲ ಆರಂಭಕ್ಕೆ ಸಾಕು. ಪೇಟೆಯ ದರ ನೋಡಿ ಪಾಲಿನ ಮೊತ್ತ ಕಟ್ಟಬಾರದು. ಉಳುಮೆ, ಬೀಜ, ಗೊಬ್ಬರ, ಆಳಿನ ಕೂಲಿ, ಮನೆಯವರ ಕೂಲಿ ಎಲ್ಲವನ್ನೂ ಬರೆದು ಕೂಡಿಸಬೇಕು. ಮನೆಯವರ ಕೂಲಿಯನ್ನು ನಮ್ಮ ರೈತರು ಎಂದೂ ಬರೆದಿಡುವುದಿಲ್ಲ, ಅದರಲ್ಲೂ ಹೆಂಗಸರದನ್ನು. ಅರ್ಧ ಹಣ ಮೃಗಶಿರೆಗೆ ಮೊದಲು, ಉಳಿದದ್ದು ಹೆಸರು ರಾಶಿಯಾದ ಮೇಲೆ. ಬೆಳೆ ಪೂರ್ತಿ ಹೋದರೆ ಏನು ಎಂಬ ಮಾತನ್ನು ಮೊದಲ ದಿನವೇ ಆಡಿ, ಕಾಗದದ ಮೇಲೆ ಬರೆದು, ಎರಡೂ ಕಡೆಯವರು ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕು. ಕಾಲೇಜಿನ ವಿದ್ಯಾರ್ಥಿಗಳು ಇಲ್ಲಿ ಉಪಯೋಗಕ್ಕೆ ಬಂದಾರು: ಪಾಲಿನ ಪುಸ್ತಕ ಬರೆಯುವುದು, ಯಾವ ವಾರ ಯಾವ ಸೊಪ್ಪು ಎಷ್ಟು ಬಂತೆಂದು ಗುರುತಿಡುವುದು.

ಪಾಲು ಸೇರುವ ಮನೆಗಳಿಗೂ ಒಂದು ಮಾತು. ಪಟ್ಟಣದ ತರಕಾರಿ ಅಂಗಡಿಯ ಹಾಗೆ ಹನ್ನೆರಡು ತಿಂಗಳೂ ಟೊಮೆಟೊ, ಎಲೆಕೋಸು ಬರುತ್ತವೆಂದು ಯಾರೂ ಎಣಿಸಬಾರದು. ನೀರಿರುವ ಹೊಲದಿಂದ ವಾರಕ್ಕೊಮ್ಮೆ ತರಕಾರಿ ಬಂದೀತು. ಮಳೆಯ ಹೊಲ ಕೊಡುವುದು ಋತುವಿನ ಊಟ. ಶ್ರಾವಣದಲ್ಲಿ ಸೊಪ್ಪು, ಹಬ್ಬದ ಹೊತ್ತಿಗೆ ಹೊಸ ಹೆಸರು ಉದ್ದು, ಚಳಿಗೆ ಹಸಿ ತೊಗರಿ, ಸಂಕ್ರಾಂತಿಯ ಸುತ್ತಮುತ್ತ ಕಡಲೆ ಗಿಡ, ಹಾಲುಗಾಳಿನ ಜೋಳವನ್ನು ಕೆಂಡದಲ್ಲಿ ಸುಟ್ಟ ಸೀತನಿ, ಆಮೇಲೆ ವರ್ಷಕ್ಕಾಗುವ ಜೋಳ ಮತ್ತು ಬೇಳೆ. ಚೈತ್ರ ವೈಶಾಖದಲ್ಲಿ ಬುಟ್ಟಿ ಬರಿದು. ಒಣಗಿಸಿಟ್ಟ ಪುಂಡಿ, ಸಂಡಿಗೆ, ಉಪ್ಪಿನಕಾಯಿಗಳೇ ಗತಿ. ಈ ಬರಿದು ಬುಟ್ಟಿಯನ್ನು ಒಪ್ಪದವರು ಪಾಲು ಸೇರದಿರುವುದೇ ಲೇಸು. ಬೆಂಗಳೂರಿನ ಸಾವಯವ ಮಳಿಗೆಗಳು ಅವರಿಗಾಗಿಯೇ ಇವೆ. ದರ ಮಾತ್ರ ಇಮ್ಮಡಿ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕಣದಲ್ಲಿ ಪಾಲು ಹಂಚುವುದು ನಮ್ಮ ನಾಡಿಗೆ ಪರಿಚಿತವೇ. ಆಯಗಾರರ ಪದ್ಧತಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ ಎಲ್ಲರಿಗೂ ರಾಶಿಯಲ್ಲಿ ಆಯ ಸಲ್ಲುತ್ತಿತ್ತು. ಅದನ್ನು ನೆನೆದು ನಿಟ್ಟುಸಿರುಬಿಡುವ ಬರಹಗಳನ್ನು ಪರಿಸರದ ಪತ್ರಿಕೆಗಳೇ ಬೇಕಾದಷ್ಟು ಪ್ರಕಟಿಸಿವೆ, ನಮ್ಮದನ್ನೂ ಸೇರಿಸಿ. ಆದರೆ ಆ ಕಣದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಹುಟ್ಟಿನಿಂದ ತೀರ್ಮಾನವಾಗಿತ್ತು. ಅತಿ ಹೆಚ್ಚು ದುಡಿದವರು ಅಂಚಿನಲ್ಲಿ ನಿಂತು ಕೊನೆಯ ಮೊರದ ಕಾಳಿಗೆ ಕಾಯುತ್ತಿದ್ದರು. ಹೊಸ ಪಾಲುದಾರಿಕೆಯಲ್ಲಿ ಹೊಲಗಳನ್ನು ಆರಿಸುವಾಗಲೇ ಇದರ ಪರೀಕ್ಷೆಯಾಗುತ್ತದೆ. ಭಾಲ್ಕಿ, ಬೀದರಿನ ಅನುಕೂಲಸ್ಥ ಮನೆಗಳು ತಮ್ಮ ಪರಿಚಯದ ದೊಡ್ಡ ಹಿಡುವಳಿದಾರರೊಡನೆ ಮಾತ್ರ ಒಪ್ಪಂದ ಮಾಡಿಕೊಂಡರೆ ಅದು ಸ್ನೇಹಿತರ ನಡುವಿನ ವ್ಯಾಪಾರ. ಒಂದೆರಡು ಎಕರೆಯ ಹೆಣ್ಣುಮಗಳ ಹೊಲದಿಂದ ಬಂದ ಕಾಳು, ಸೊಪ್ಪು ಎಲ್ಲ ಓಣಿಗಳ ಅಡುಗೆಮನೆಯನ್ನೂ ಹೊಕ್ಕರೆ, ಹಣ ಅವಳ ಹೆಸರಿನ ಖಾತೆಗೇ ಹೋದರೆ, ಆಗ ಮಾತು ಬೇರೆ.

ಮಲೆನಾಡಿನಲ್ಲಿ ನಾವೇನು ಮಾಡಬಹುದು? ಶಿರಸಿಯ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಹಿತ್ತಲಿನ ಬೀಜಗಳನ್ನು ಕಾಪಾಡುತ್ತ ಬಂದಿದ್ದಾರೆ; ಬೀಜವಿದೆ, ಬೆಳೆಯುವ ಕೈಯಿದೆ, ಮುಂಗಡವಾಗಿ ಕೊಳ್ಳುವ ಮನೆಗಳು ಇಲ್ಲ. ನಮ್ಮ ಪೇಟೆಗಳಿಗೆ ಆಷಾಢದಲ್ಲೂ ಘಟ್ಟದ ಮೇಲಿನ ಬಯಲಿನಿಂದ ಲಾರಿಯಲ್ಲಿ ತರಕಾರಿ ಬರುತ್ತದೆ, ಹಿತ್ತಲಿನ ಕೆಸು, ಸುವರ್ಣಗಡ್ಡೆ, ಬಸಳೆ ಕೇಳುವವರಿಲ್ಲದೆ ಉಳಿಯುತ್ತವೆ. ಹತ್ತು ಮನೆಗಳಾದರೂ ಮುಂದೆ ಬಂದರೆ ಬರುವ ಮಳೆಗಾಲಕ್ಕೆ ಪಾಲಿನ ಪುಸ್ತಕ ತೆರೆಯಲು ನಮ್ಮ ಬಳಗ ಸಿದ್ಧವಿದೆ. ತೊಗರಿಬೇಳೆಯ ಮಟ್ಟಿಗೆ, ಔರಾದ ಸೀಮೆಯ ಹೊಲಗಳಲ್ಲಿ ಪಾಲುದಾರಿಕೆ ಆರಂಭವಾದಲ್ಲಿ ವರ್ಷದ ಬೇಳೆಗೆ ಮೇ ತಿಂಗಳಲ್ಲೇ ಹಣ ಕೊಡಲು ಒಪ್ಪುವವರು ಹೆಸರು ಬರೆಸಬೇಕು. ಆ ಬೇಳೆ ಮಾಘ ಕಳೆಯುವ ಮೊದಲು ಬೆಟ್ಟ ಹತ್ತಲಾರದು. ಮಳೆ ಕೈಕೊಟ್ಟ ವರ್ಷ ಅರ್ಧ ಚೀಲವೇ ಬಂದೀತು ಎಂಬುದನ್ನು ತಿಳಿದೇ ಹೆಸರು ಬರೆಸಬೇಕೆಂದು ಕೋರುತ್ತೇವೆ.