ಕೂಡು ಕುಟುಂಬ ಮತ್ತು ಮನಸ್ಸಿನ ಬೇನೆ

ಕೂಡು ಕುಟುಂಬವಿರುವ ಮನೆಗೆ ಮನೋರೋಗ ಸುಳಿಯದು ಎಂಬ ನಂಬಿಕೆ ಬೀದರ್, ಭಾಲ್ಕಿ, ಔರಾದ್‌ಗಳ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಇದು ನಮ್ಮೊಬ್ಬರ ನಂಬಿಕೆಯಲ್ಲ. ಕಳೆದ ಶತಮಾನದಲ್ಲಿ ಚೀನಾದ ಸಾಂಪ್ರದಾಯಿಕ ಕುಟುಂಬವನ್ನು ಕುರಿತು ಚರ್ಚಿಸಿದವರಲ್ಲಿ ಕೆಲವರು ಹಿರಿಯರ ಆಸರೆಯೇ ಮನಸ್ಸಿಗೆ ಕವಚವೆಂದರು. ಅದೇ ಮನೆಯ ಕಟ್ಟುಪಾಡು ಮನಸ್ಸನ್ನು ಹಿಂಡುತ್ತದೆಂದು ಮತ್ತೆ ಕೆಲವರು ವಾದಿಸಿದರು. ಎರಡರಲ್ಲೂ ಸತ್ಯವಿದೆಯೆಂಬುದು ನಮ್ಮ ಅಭಿಪ್ರಾಯ.

ಕುಟುಂಬದ ಶಕ್ತಿಗೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲ್ಗೊಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಆರಂಭಿಸಿದ ಸ್ಕಿಜೋಫ್ರೇನಿಯಾ ಅಧ್ಯಯನದಲ್ಲಿ ಆಗ್ರಾದ ರೋಗಿಗಳ ಚೇತರಿಕೆ ಹಲವು ಶ್ರೀಮಂತ ದೇಶಗಳವರಿಗಿಂತ ಉತ್ತಮವಾಗಿತ್ತು. ಕುಟುಂಬದ ಆಸರೆಯೂ ಅದಕ್ಕೊಂದು ಕಾರಣವಿರಬಹುದೆಂದು ತಜ್ಞರು ಭಾವಿಸಿದರು.

ಆದರೆ ಸೂರಃ ಯೂಸುಫ್ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಯೂಸುಫ್(ಅ)ರನ್ನು ಬಾವಿಗೆ ತಳ್ಳಿದವರು ಒಡಹುಟ್ಟಿದವರೇ. ದುಃಖದಿಂದ ಕಣ್ಣು ಬೆಳ್ಳಗಾದ ತಂದೆ ಯಾಕೂಬ್(ಅ)ರನ್ನು ಆಕ್ಷೇಪಿಸಿದವರೂ ಅದೇ ಮನೆಯವರು. ಅವರು ಪ್ರವಾದಿಯಾಗಿದ್ದರು, ಅವರ ದುಃಖ ಈಮಾನಿನ ಕೊರತೆಯಾಗಿರಲಿಲ್ಲ. ಹಾಗಿರುವಾಗ ಬಳಲುತ್ತಿರುವ ಸೊಸೆಗೆ ‘ನಾಟಕ’ವೆನ್ನುವ, ಮಂಕಾದ ಮಗನಿಗೆ ‘ನಮಾಝ್ ಸರಿಯಿಲ್ಲ’ವೆನ್ನುವ ಅಧಿಕಾರ ನಮಗೆಲ್ಲಿಯದು? ಕಾಯಿಲೆಯನ್ನು ಬಚ್ಚಿಟ್ಟು ನಿಕಾಹ್ ಮಾಡಿಸುವುದು ಎರಡು ಮನೆಗಳಿಗೂ ಅನ್ಯಾಯವಲ್ಲವೇ?

ಯಾಕೂಬ್(ಅ)ರು ಅಲ್ಲಾಹನಲ್ಲಿ ಮೊರೆಯಿಟ್ಟರು. ಜೊತೆಗೆ, ನಿರಾಶರಾಗದೆ ಹೋಗಿ ಹುಡುಕಿರೆಂದು ಮಕ್ಕಳನ್ನು ಕಳುಹಿಸಿದರು. ದುಆ ಮತ್ತು ಪ್ರಯತ್ನ ಒಂದರ ಬದಲಿಗೆ ಇನ್ನೊಂದಲ್ಲ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿರುವನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಸಾವಿರ ವರ್ಷಗಳಿಗೂ ಹಿಂದೆಯೇ ಅಬೂ ಝೈದ್ ಅಲ್-ಬಲ್ಖಿಯವರು, ಕಾರಣ ತಿಳಿದ ದುಃಖವೂ ಕಾರಣ ತಿಳಿಯದ ದುಃಖವೂ ಬೇರೆ ಬೇರೆಯೆಂದು ಗುರುತಿಸಿ, ದೇಹದಂತೆ ಮನಸ್ಸಿಗೂ ಆರೈಕೆ ಬೇಕೆಂದು ಬರೆದಿದ್ದರು.

ಇಂದು ದಾರಿಯೂ ದೂರವಿಲ್ಲ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಊರು ಬಿಟ್ಟು ಹೊರಡಲಾಗದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು.

ಮನೆ ಕೂಡಿದ್ದರೆ ಸಾಲದು, ಮನೆಯವರು ಕಿವಿಗೊಡಬೇಕು. ಜುಮಾ ಖುತ್ಬಾದಲ್ಲೂ ಊಟದ ದಸ್ತರ್‌ಖಾನ್‌ನಲ್ಲೂ ಈ ಮಾತು ಆರಂಭವಾಗಲಿ. ಅಲ್ಲಾಹನು ನಮ್ಮ ಮನೆಗಳನ್ನು ನೆಮ್ಮದಿಯ ತಾಣವಾಗಿಸಲಿ. ಆಮೀನ್.