‘ಯಾರ ಕಡೆಯಿಂದ ಬಂತು?’ ಎಂದು ಕೇಳುವ ಮೊದಲು

ಬಿ.ಸಿ.ರೋಡಿನ ಮದುವೆ ಹಾಲೊಂದರಲ್ಲಿ ಎರಡನೇ ಪಂಕ್ತಿಯ ಊಟಕ್ಕೆ ಕಾಯುತ್ತಾ ಕೂತಿದ್ದಾಗ ಕಿವಿಗೆ ಬಿದ್ದ ಮಾತಿದು. ಪಕ್ಕದ ಮೇಜಿನಲ್ಲಿ ಇಬ್ಬರು ಹಿರಿಯರು ಪರಿಚಯದ ಒಂದು ಮನೆಯ ಸುದ್ದಿ ಹೇಳುತ್ತಿದ್ದರು. ಆ ಮನೆಯ ಮೊದಲ ಮಗುವಿಗೆ ಕಿವಿ ಕೇಳುವುದಿಲ್ಲ, ಎರಡನೆಯದಕ್ಕೂ ಕೇಳುವುದಿಲ್ಲ. “ಪಾಪ, ಎಂತ ಮಾಡುದು? ಗಂಡಿನ ಮನೆತನದಲ್ಲಿ ಯಾರಿಗೂ ಹಾಗೆ ಇಲ್ಲ. ಅದು ಹೆಣ್ಣಿನ ಕಡೆಯಿಂದ ಬಂದದ್ದು” ಎಂದರು ಒಬ್ಬರು. ಇನ್ನೊಬ್ಬರು ತಲೆಯಾಡಿಸಿದರು. ಅಲ್ಲಿಗೆ ಕೇಸು ಮುಗಿಯಿತು. ಆ ಹೆಣ್ಣುಮಗಳಿಗೆ ತೀರ್ಪೂ ಆಗಿ ಹೋಯಿತು, ಅವಳನ್ನು ಒಂದು ಮಾತು ಕೇಳದೆ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈ ಮಾತು ಕೇಳದ ಮನೆ ಇದೆಯಾ? ನೀವೇ ಹೇಳಿ. ಮಗು ನಡೆಯುವುದು ತಡವಾದರೆ, ಮಾತು ಬಾರದಿದ್ದರೆ, ಹುಟ್ಟಿದ ಕೂಸು ಉಳಿಯದಿದ್ದರೆ ಮೊದಲು ಬರುವ ಪ್ರಶ್ನೆ ‘ಯಾರ ಕಡೆಯಿಂದ?’ ಎಂದೇ. ಬೆರಳು ಹೋಗುವುದು ಹೆಚ್ಚಾಗಿ ಸೊಸೆಯ ಕಡೆಗೆ.

ವಿಜ್ಞಾನ ಹೇಳುವುದು ಬೇರೆಯೇ. ನಮ್ಮ ದೇಹದ ಹೆಚ್ಚಿನ ಜೀನ್‌ಗಳಿಗೆ ಎರಡು ಪ್ರತಿಗಳಿರುತ್ತವೆ. ಒಂದು ಉಮ್ಮನಿಂದ, ಇನ್ನೊಂದು ಉಪ್ಪನಿಂದ. ಹುಟ್ಟು ಕಿವುಡಿನ ಬಹಳಷ್ಟು ಪ್ರಕರಣಗಳಲ್ಲಿ ಒಂದು ಪ್ರತಿ ಸರಿಯಿದ್ದರೆ ಸಾಕು, ಕಿವಿ ಕೇಳುತ್ತದೆ. ಹಾಗಾಗಿ ಕೆಟ್ಟ ಪ್ರತಿ ಒಂದನ್ನು ಹೊತ್ತವರಿಗೆ ಏನೂ ತೊಂದರೆ ಇರುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ಏಳು ತಲೆಮಾರು ಹಾಗೆಯೇ ಸಾಗಬಹುದು. ಗಂಡ ಹೆಂಡತಿ ಇಬ್ಬರೂ ಅದೇ ಜೀನಿನ ಕೆಟ್ಟ ಪ್ರತಿ ಹೊತ್ತವರಾಗಿದ್ದರೆ ಮಾತ್ರ ಪ್ರತಿಯೊಂದು ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೊಂದರೆಯಾಗುವ ಸಾಧ್ಯತೆ. ಅಂದರೆ ಅಂಥ ಮಗುವಿಗೆ ಅರ್ಧ ಉಮ್ಮನ ಕಡೆಯಿಂದ, ಅರ್ಧ ಉಪ್ಪನ ಕಡೆಯಿಂದಲೇ ಬಂದಿರಬೇಕು. ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂಬ ಮಾತು ಇಲ್ಲಿ ಯಾವ ಸಾಕ್ಷಿಯೂ ಅಲ್ಲ.

ಸಂಬಂಧದೊಳಗಿನ ಮದುವೆಯ ವಿಷಯವೂ ಹೀಗೆಯೇ. ದಕ್ಷಿಣ ಭಾರತದಲ್ಲಿ ಇದು ಒಂದು ಜಾತಿ, ಒಂದು ಧರ್ಮದ ರೂಢಿಯಲ್ಲ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ತಂದೆ ತಾಯಿ ಒಡಹುಟ್ಟಿದವರ ಮಕ್ಕಳಾಗಿದ್ದರೆ ಅದು ಸುಮಾರು ಎರಡರಷ್ಟಾಗುತ್ತದೆ. ಹೆದರಿಸುವವರು ಹೇಳುವಷ್ಟು ಭಯಂಕರವಲ್ಲ, ‘ಏನೂ ಆಗುವುದಿಲ್ಲ’ ಎನ್ನುವಷ್ಟು ಸುಲಭವೂ ಅಲ್ಲ. ಯಾವ ಕುಟುಂಬದಲ್ಲಿ ಎಷ್ಟು ಅಪಾಯ ಎಂದು ಕೂತು ಲೆಕ್ಕ ಹಾಕಿ ಹೇಳುವವರು ಬೇಕು. ಹಾಗೆ ಹೇಳುವುದೇ ಒಂದು ವೃತ್ತಿ. ಅದರ ಹೆಸರು ಜೆನೆಟಿಕ್ ಕೌನ್ಸೆಲಿಂಗ್.

ಊಹೆಯಿಂದ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಅಂಗವಿಕಲ ಮಕ್ಕಳು ಹುಟ್ಟಿದಾಗ ಬಹಳ ಕಾಲ ಅದು ‘ಹಣೆಬರಹ’, ‘ವಂಶದ ದೋಷ’ ಎಂದೇ ಆಗಿತ್ತು. ತಾಯಂದಿರೂ ಊರಿನವರೂ ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. ಇದಕ್ಕೆ ತಿರುಗಿದ ಕಥೆ ಘಟ್ಟದ ಮೇಲೆ ನಡೆಯಿತು. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಸೊಂಟ, ಮೊಣಕಾಲು ಸವೆದು ನಡೆಯಲಾಗದಂತಾಯಿತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಬಂತು ಎಂಬ ಅನುಮಾನವೇ ಮೊದಲು ಹರಡಿತ್ತು. ಮುಂದಿನ ಸಂಶೋಧನೆಯಲ್ಲಿ ಅದು ವಂಶಪಾರಂಪರ್ಯದ ಮೂಳೆ ಕಾಯಿಲೆ ಎಂದು ತಿಳಿಯಿತು.

ಒಂದು ಕಡೆ ವಿಷವನ್ನು ವಂಶ ಎಂದರು, ಇನ್ನೊಂದು ಕಡೆ ವಂಶವನ್ನು ವಿಷ ಎಂದರು. ಎರಡೂ ಕಡೆ ನೋವು ತಿಂದವರು ಬಡವರೇ. ಸರಿಯಾದ ಪರೀಕ್ಷೆ ಇದ್ದರೆ ವಿಷ ಹಾಕಿದವನು ತಪ್ಪಿಸಿಕೊಳ್ಳಲಾರ, ತಪ್ಪು ಮಾಡದ ತಾಯಿಯೂ ನಿಂದನೆ ಕೇಳಬೇಕಾಗಿಲ್ಲ. ಹಾಗಾಗಿ ಜೆನೆಟಿಕ್ಸ್ ನಮ್ಮ ಊರಿಗೆ ಸಂಬಂಧವಿಲ್ಲದ ದೊಡ್ಡವರ ವಿದ್ಯೆ ಅಲ್ಲ. ಮಂಗಳೂರಿನ ಮಲೇರಿಯಾವನ್ನೇ ನೋಡಿ. ವೈವಾಕ್ಸ್ ಜ್ವರಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆ ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಅದೇ ಮಾತ್ರೆಯಿಂದ ರಕ್ತಕಣಗಳು ಒಡೆಯಬಹುದು. ಮನೆಯಲ್ಲಿ ಒಬ್ಬರಿಗೆ ಹಾಗಾಗಿದ್ದರೆ ಉಳಿದವರೂ ಡಾಕ್ಟರಿಗೆ ಮೊದಲೇ ಹೇಳಬೇಕು. ಇದೂ ಜೆನೆಟಿಕ್ಸೇ.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಪಿಯುಸಿ ವಿಜ್ಞಾನ ಓದಿದ ಮಗಳಿದ್ದರೆ ಮನೆಯವರಿಗೆಲ್ಲ ಒಂದೇ ಕನಸು: ನೀಟ್, ಎಂಬಿಬಿಎಸ್. ಒಂದು ಸಲ, ಎರಡು ಸಲ, ಮೂರನೇ ಸಲವೂ ಕೋಚಿಂಗ್. ಸೀಟು ಸಿಗದಿದ್ದರೆ “ಸುಮ್ಮನೆ ಬಿಎಸ್ಸಿ ಮಾಡ್ತಾ ಇದ್ದಾಳೆ” ಎಂದು ನೆಂಟರ ಮುಂದೆ ತಗ್ಗಿದ ಸ್ವರದಲ್ಲಿ ಹೇಳುತ್ತೇವೆ. ನನ್ನ ತಕರಾರು ಇರುವುದು ಆ ‘ಸುಮ್ಮನೆ’ ಎಂಬ ಶಬ್ದಕ್ಕೆ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೋ ಮೂಡುಬಿದಿರೆಯ ಆಳ್ವಾಸ್‌ನಲ್ಲೋ ಬಯೋಟೆಕ್ನಾಲಜಿ ಓದುವ ಹುಡುಗಿಯ ಮುಂದೆ ಒಳ್ಳೆಯ ದಾರಿಗಳು ತೆರೆದಿವೆ. ಅದನ್ನು ಹೇಳುವವರು ಅವಳ ಸುತ್ತ ಇಲ್ಲ, ಅಷ್ಟೇ.

ಹತ್ತಿರದ್ದು ಮಣಿಪಾಲ. ಮೂಡುಬಿದಿರೆಯಿಂದ ಕಾರ್ಕಳ ದಾರಿಯಾಗಿ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸಿಗೇ ಒಂದು ವಿಭಾಗ ಉಂಟು. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎಂಎಸ್ಸಿಯೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೆನೆಟಿಕ್ಸ್ ಮತ್ತು ಜೀನೋಮಿಕ್ಸ್ ವಿಭಾಗ, ಹೈದರಾಬಾದಿನ ಉಸ್ಮಾನಿಯಾದಲ್ಲಿ ಜೆನೆಟಿಕ್ಸ್ ವಿಭಾಗ, ಚೆನ್ನೈಯ ಶ್ರೀರಾಮಚಂದ್ರ ಮತ್ತು ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾನಿಲಯಗಳಲ್ಲಿ ಹ್ಯೂಮನ್ ಜೆನೆಟಿಕ್ಸ್ ವಿಭಾಗಗಳಿವೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಬಯೋಇನ್ಫರ್ಮ್ಯಾಟಿಕ್ಸ್ ಕಲಿಸುವ ಐಬಿಎಬಿ ಸಂಸ್ಥೆ ಇವೆ.

ಕೆಲಸ ಒಂದೇ ಬಗೆಯದಲ್ಲ. ಲ್ಯಾಬಿನಲ್ಲಿ ಕ್ರೋಮೋಸೋಮ್ ಪರೀಕ್ಷೆ, ಡಿಎನ್‌ಎ ಸೀಕ್ವೆನ್ಸಿಂಗ್ ಮಾಡುವವರು ಬೇಕು. ಎಂಎಲ್‌ಟಿ ಓದಿದವರಿಗೂ ಇಲ್ಲಿ ಜಾಗ ಉಂಟು. ಒಬ್ಬ ಮನುಷ್ಯನ ಮುನ್ನೂರು ಕೋಟಿ ಅಕ್ಷರಗಳಲ್ಲಿ ತಪ್ಪಿದ ಒಂದು ಅಕ್ಷರ ಹುಡುಕುವುದು ಕಂಪ್ಯೂಟರ್ ಬಲ್ಲವರ ಕೆಲಸ. ನಮ್ಮ ಇಂಜಿನಿಯರಿಂಗ್ ಹುಡುಗರು ಕೋಡಿಂಗ್ ಎಂದರೆ ಸಾಫ್ಟ್‌ವೇರ್ ಕಂಪೆನಿ ಒಂದೇ ಎಂದು ತಿಳಿದಿದ್ದಾರೆ. ಮೆಡ್‌ಜೀನೋಮ್‌ನಂಥ ಕಂಪೆನಿಗಳು ಬೆಂಗಳೂರಿನಲ್ಲೇ ಇವೆ. ಎಂಬಿಬಿಎಸ್ ಮುಗಿಸಿ ಎಂಡಿ ಮಾಡಿದವರಿಗೆ ಮೆಡಿಕಲ್ ಜೆನೆಟಿಕ್ಸಿನಲ್ಲಿ ಡಿಎಂ ಉಂಟು.

ಹಣದ ಮಾತು ಬಿಟ್ಟು ಈ ವಿಷಯ ಹೇಳುವುದು ಸರಿಯಲ್ಲ. ಸಂಶೋಧನೆಗೆ ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಇದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಅದರ ಬಗ್ಗೆ ದನಿ ಎತ್ತಲೇಬೇಕು. ಆದರೆ ದನಿ ಎತ್ತುತ್ತಾ ಕೂತರೆ ಮಗಳ ವಯಸ್ಸು ನಿಲ್ಲುವುದಿಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಬಯೋಟೆಕ್ನಾಲಜಿಯ ಬೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಇರುವ ದರ. ಓದುತ್ತಾ ಮನೆಗೂ ಕಳಿಸಬಹುದಾದ ಹಣ. ಬಯೋಟೆಕ್ನಾಲಜಿ ಎಂಎಸ್ಸಿಗೆ ಜಿಎಟಿ-ಬಿ ಮತ್ತು ಜಾಮ್ ಪರೀಕ್ಷೆಗಳಿವೆ. ಡಿಗ್ರಿ ಓದುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೂರುವ ಅವಕಾಶ.

ಕಲಿಯಲು ಪುಸ್ತಕ ಎಲ್ಲಿಂದ ಎನ್ನುವವರಿಗೆ ಒಂದು ಮಾತು. ಈ ವಿದ್ಯೆಯ ಬೆಲೆಬಾಳುವ ಭಂಡಾರಗಳು ಮೊಬೈಲಿನಲ್ಲೇ, ಪುಕ್ಕಟೆ ಸಿಗುತ್ತವೆ. ಯಾವ ಜೀನಿನಿಂದ ಯಾವ ಕಾಯಿಲೆ ಎಂದು ಹೇಳುವ ‘ಒಮಿಮ್’, ಒಂದೊಂದು ಕಾಯಿಲೆಯನ್ನೂ ಬಿಡಿಸಿ ಹೇಳುವ ‘ಜೀನ್‌ರಿವ್ಯೂಸ್’, ಯಾವ ಬದಲಾವಣೆ ಅಪಾಯ, ಯಾವುದು ಅಲ್ಲ ಎಂದು ದಾಖಲಿಸುವ ‘ಕ್ಲಿನ್‌ವಾರ್’, ಭಾರತೀಯರದ್ದೇ ಸಾವಿರಕ್ಕೂ ಹೆಚ್ಚು ಜೀನೋಮ್‌ಗಳ ಮಾಹಿತಿ ಇರುವ ‘ಇಂಡಿಜೀನೋಮ್ಸ್’ ಇವೆ. ಎನ್‌ಪಿಟೆಲ್ ಮತ್ತು ಸ್ವಯಂನಲ್ಲಿ ಪಾಠಗಳಿವೆ. ನಮ್ಮ ದೇಶದ್ದೇ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಜನರ ಜೀನೋಮ್ ಓದಿದೆ. ಅದರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಆ ಮಾಹಿತಿ ಓದುವ ಕಣ್ಣುಗಳಲ್ಲಿ ನಮ್ಮ ಮಕ್ಕಳದ್ದೂ ಇರಬೇಡವೇ?

ಇನ್ನು ಗಲ್ಫ್. ನಮ್ಮವರು ಅಲ್ಲಿ ಅಂಗಡಿ ನಡೆಸಿದರು, ಗಾಡಿ ಓಡಿಸಿದರು, ಆ ಹಣದಲ್ಲಿ ಇಲ್ಲಿ ಮನೆ, ಪಳ್ಳಿ, ಶಾಲೆ ಎದ್ದವು. ಅದೇ ಸೌದಿ ಅರೇಬಿಯಾದಲ್ಲಿ 2004ರಿಂದ ಅಲ್ಲಿನ ನಾಗರಿಕರಿಗೆ ಮದುವೆಗೆ ಮೊದಲು ಸಿಕಲ್ ಸೆಲ್ ಮತ್ತು ತಲಸ್ಸೀಮಿಯಾ ಪರೀಕ್ಷೆ ಕಡ್ಡಾಯ. ಸೌದಿ, ಕತಾರ್, ಎಮಿರೇಟ್ಸ್ ಮೂರೂ ತಮ್ಮ ಜನರ ಜೀನೋಮ್ ಓದುವ ದೊಡ್ಡ ಯೋಜನೆಗಳನ್ನು ಹಾಕಿಕೊಂಡಿವೆ. ರಿಯಾದಿನ ಕಿಂಗ್ ಫೈಸಲ್ ಆಸ್ಪತ್ರೆ, ದೋಹಾದ ಸಿದ್ರಾ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದವು. ಉಪ್ಪ ಡ್ರೈವರ್ ಆಗಿ ಹೋದ ಊರಿಗೆ ಮಗಳು ಜೆನೆಟಿಕ್ಸ್ ತಜ್ಞೆಯಾಗಿ ಹೋಗುವುದು ಆಗದ ಮಾತಲ್ಲ.

“ಇಷ್ಟು ಓದಿದರೆ ಮದುವೆ ಯಾವಾಗ?” ಎಂದು ಕೇಳುವವರಿದ್ದಾರೆ. ಎಂಎಸ್ಸಿ ಎರಡು ವರ್ಷ. ನೀಟ್‌ಗೆಂದು ಮೂರು ಸಲ ಕೂರಿಸಿದಾಗ ನಾವು ವರ್ಷದ ಲೆಕ್ಕ ಹಾಕಿದ್ದೆವೇ? “ಪಡೆದವನು ಕೊಟ್ಟದ್ದು, ಪರೀಕ್ಷೆ ಯಾಕೆ?” ಎನ್ನುವವರೂ ಇದ್ದಾರೆ. ಕೊಟ್ಟದ್ದನ್ನು ಸಬೂರಿನಿಂದ ಒಪ್ಪುವುದು ಬೇರೆ, ಅದನ್ನು ಸೊಸೆಯ ತಲೆಗೆ ಕಟ್ಟುವುದು ಬೇರೆ. ಜ್ವರಕ್ಕೆ ಮದ್ದು ತರುವ ನಾವು ಇದಕ್ಕೆ ಮಾತ್ರ ಯಾಕೆ ಹಿಂಜರಿಯಬೇಕು?

ಒಂದು ಎಚ್ಚರಿಕೆಯೂ ಬೇಕು. ಪರೀಕ್ಷೆಯ ಫಲಿತಾಂಶ ಊರಿಗೆಲ್ಲ ಹಂಚುವ ಸುದ್ದಿಯಲ್ಲ, ನಿಶ್ಚಯವಾದ ಸಂಬಂಧ ಮುರಿಯುವ ಕತ್ತಿಯೂ ಅಲ್ಲ. ಕೆಟ್ಟ ಪ್ರತಿ ಒಂದೆರಡನ್ನಾದರೂ ಹೊತ್ತಿರದ ಮನುಷ್ಯ ಭೂಮಿಯ ಮೇಲೆ ಸಿಗುವುದು ಕಷ್ಟ. ಹಾಗೆಯೇ ಸಂಶೋಧನೆಗೆ ರಕ್ತ ಕೇಳಲು ಯಾರಾದರೂ ಬಂದರೆ ಒಪ್ಪಿಗೆ ಪತ್ರ ಓದಿ, ಅರ್ಥವಾಗುವವರೆಗೆ ಕೇಳಿ, ಆಮೇಲೆ ಕೊಡಿ.

ಇಲ್ಲೇ ನಮ್ಮ ಮಕ್ಕಳ ಬೆಲೆ ಇರುವುದು. ದೊಡ್ಡ ಆಸ್ಪತ್ರೆಯಲ್ಲಿ ವರದಿ ಸಿಗುತ್ತದೆ, ಅದು ಇಂಗ್ಲಿಷಿನಲ್ಲಿರುತ್ತದೆ. ವಿಟ್ಲದ, ಗುರುವಾಯನಕೆರೆಯ, ತೋಡಾರಿನ ಒಬ್ಬ ಉಮ್ಮನಿಗೆ ಅದನ್ನು ಬ್ಯಾರಿ ಭಾಷೆಯಲ್ಲಿ, ಅವಳ ಕೈ ಹಿಡಿದು, “ಇದು ನಿಮ್ಮ ತಪ್ಪಲ್ಲ” ಎಂದು ಬಿಡಿಸಿ ಹೇಳುವವರು ಯಾರು? ಯಂತ್ರ ಹೇಳುವುದಿಲ್ಲ. ಮನೆಯ ಮಾತು ಬಲ್ಲ, ವಿದ್ಯೆಯೂ ಬಲ್ಲ ನಮ್ಮದೇ ಹುಡುಗಿ ಹೇಳಬೇಕು. ತುಳುವಿನಲ್ಲೂ ಹೇಳುವಳು, ಎಲ್ಲರಿಗೂ ಆಗುವಳು.

ಅದಕ್ಕೆ ಜಮಾಅತ್‌ಗಳಲ್ಲಿ, ವಿದ್ಯಾರ್ಥಿವೇತನ ಕೊಡುವ ನಮ್ಮ ಸಂಘಟನೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮೂರು ತಾಲೂಕು, ತಾಲೂಕಿಗೆ ಒಬ್ಬರಂತೆ ಮೂರು ಮಕ್ಕಳನ್ನು ಮುಂದಿನ ಐದು ವರ್ಷಗಳಲ್ಲಿ ಈ ವಿದ್ಯೆಗೆ ಕಳಿಸೋಣ. ಸನ್ಮಾನ, ಶಾಲು, ಫಲಕದ ಖರ್ಚಿನಲ್ಲಿ ಒಂದು ಪಾಲು ಅವರ ಫೀಸಿಗೆ ಇಡೋಣ. ನಮ್ಮ ಬ್ಯಾರಿ ಸಾಹಿತ್ಯ ಅಕಾಡೆಮಿ ಇಂಥ ಆರೋಗ್ಯದ ಮಾತುಗಳಿಗೆ ಬ್ಯಾರಿಯಲ್ಲಿ ಒಂದು ಸಣ್ಣ ಕೈಪಿಡಿ ತರಲಿ.

ಮನೆಯಲ್ಲಿ ಇಂಥ ಮಗು ಇರುವವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ, ಅಡಗಿಸಬೇಡಿ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವು ಉಂಟು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅದರ ಕೇಂದ್ರವಾಗಿವೆ. ಮೊದಲು ಕಾಯಿಲೆಯ ಹೆಸರು ಗೊತ್ತಾಗಬೇಕು, ಅಷ್ಟೆ. ಹೆಸರು ಗೊತ್ತಾಗದೆ ಯಾವ ನೆರವೂ ಇಲ್ಲ.

ಇನ್ನೊಮ್ಮೆ ಮದುವೆ ಹಾಲ್‌ನಲ್ಲಿ ‘ಯಾರ ಕಡೆಯಿಂದ ಬಂತು?’ ಎಂದು ಯಾರಾದರೂ ಕೇಳಿದರೆ, ‘ಪರೀಕ್ಷೆ ಮಾಡಿಸಿದ್ದೀರಾ ಕಾಕಾ?’ ಎಂದು ಮೆಲ್ಲಗೆ ಕೇಳಿ. ಅಂದು ನಾನು ಕೇಳಲಿಲ್ಲ. ಬಿರಿಯಾನಿ ಬಂತು, ಸುಮ್ಮನೆ ಉಂಡು ಎದ್ದು ಬಂದೆ.