ಮಹಾಮಳಿಗೆಯಲ್ಲಿ ಟಯರು ಹಾಕಿಸುವ ವಿಚಾರ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಈಗ ಅಮೆರಿಕಾ ದೇಶದಲ್ಲಿ ಸಂಸಾರ ಹೂಡಿರುವರು. ತಾಯಿತಂದೆಗಳು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅಲ್ಲಿಗೆ ಹೋಗಿ, ನಾಲ್ಕಾರು ತಿಂಗಳಿದ್ದು, ಮೊಮ್ಮಕ್ಕಳನ್ನು ಆಡಿಸಿ ಬರುವುದು ಇಂದು ಅಪೂರ್ವವಾದ ಸಂಗತಿಯಲ್ಲ. ಹಾಗೆ ಹೋಗಿಬಂದವರು ಅಲ್ಲಿಯ ಹಿಮವನ್ನೂ ಹೆದ್ದಾರಿಗಳನ್ನೂ ಮನದಣಿಯೆ ವರ್ಣಿಸುವುದುಂಟು. ಆದರೆ ಆ ಹೆದ್ದಾರಿಗಳ ಮೇಲೆ ತಮ್ಮನ್ನು ಹೊತ್ತು ತಿರುಗಿಸಿದ ನಾಲ್ಕು ಟಯರುಗಳ ಮಾತನ್ನೆತ್ತುವವರು ವಿರಳ. ಈ ತಿಂಗಳು ಆ ವಿಚಾರವನ್ನೇ ಪ್ರಸ್ತಾಪಿಸುವುದು ಯುಕ್ತವೆಂದು ನಮಗೆ ತೋರಿತು.

ಆ ದೇಶದ ಬಹುಭಾಗದಲ್ಲಿ ಕಾರಿಲ್ಲದೆ ಗೃಹಕೃತ್ಯವೇ ಸಾಗದು. ಆ ಕಾರಿಗೆ ಟಯರು ಬೇಕಾದಾಗ ಅಲ್ಲಿಯ ಗೃಹಸ್ಥರಲ್ಲಿ ಅನೇಕರು ಹೋಗುವುದು ಪ್ರತ್ಯೇಕವಾದ ಟಯರಂಗಡಿಗಲ್ಲ; ಅಕ್ಕಿ, ಬೇಳೆ, ಹಾಲು, ಮಕ್ಕಳ ಉಡುಪು ಇವೆಲ್ಲವೂ ದೊರೆಯುವ ಮಹಾಮಳಿಗೆಗೆ. ಸುತ್ತಲೂ ಗಾಡಿಗಳನ್ನು ನಿಲ್ಲಿಸುವ ಬಯಲು, ನಡುವೆ ಕಿಟಕಿಗಳೇ ಇಲ್ಲದಂತಹ ಚೌಕಾಕಾರದ ಬೃಹತ್ ಕಟ್ಟಡ. ಇದರ ಆಕಾರವನ್ನು ನೋಡಿಯೇ ಅವರು ಇಂತಹವನ್ನು ದೊಡ್ಡ ಪೆಟ್ಟಿಗೆಯಂಗಡಿಯೆಂದು ಕರೆಯುವರು. 1962ರಲ್ಲಿ ಅರ್ಕಾನ್ಸಾ ಸಂಸ್ಥಾನದ ರಾಜರ್ಸ್ ಎಂಬ ಊರಿನಲ್ಲಿ ಮೊದಲ ಅಂಗಡಿಯನ್ನು ತೆರೆದ ವಾಲ್‌ಮಾರ್ಟ್, 1983ರಲ್ಲಿ ಸಿಯಾಟಲ್ ನಗರದಲ್ಲಿ ಮೊದಲ ಉಗ್ರಾಣವನ್ನು ತೆರೆದ ಕಾಸ್ಟ್‌ಕೋ, ಇವು ಆ ಜಾತಿಯಲ್ಲಿ ಪ್ರಸಿದ್ಧವಾದವು. ಇವುಗಳ ಒಂದು ಮಗ್ಗುಲಿಗೆ ಮೋಟಾರು ದುರಸ್ತಿಯ ಶಾಲೆಯೊಂದು ಅಂಟಿಕೊಂಡಿರುತ್ತದೆ. ಕೀಲಿಕೈಯನ್ನು ಅಲ್ಲಿ ಒಪ್ಪಿಸಿ ಒಳಗೆ ಹೋಗಿ ಸಾಮಾನು ಕೊಳ್ಳಬಹುದು. ಬರುವ ಹೊತ್ತಿಗೆ ಗಾಡಿಯು ಸಿದ್ಧವಾಗಿರಬೇಕೆಂಬುದು ವ್ಯವಸ್ಥೆ.

ಜನರು ಅಲ್ಲಿಗೆ ಹೋಗುವುದಕ್ಕೆ ಕಾರಣವಿಲ್ಲದಿಲ್ಲ. ಬೆಲೆಯು ಅನೇಕ ವೇಳೆ ಕಡಿಮೆ. ಕೆಲವೆಡೆ ಟಯರನ್ನು ಏರಿಸುವುದು, ತೂಕ ಸರಿಮಾಡುವುದು, ಮುಂದೆ ಆಗಾಗ ಸ್ಥಾನ ಬದಲಿಸುವುದು ಇವೆಲ್ಲವೂ ಕೂಲಿಯಲ್ಲಿಯೇ ಸೇರಿರುತ್ತವೆ. ಕಾಸ್ಟ್‌ಕೋದಲ್ಲಿ ಸಾಧಾರಣ ಗಾಳಿಗೆ ಬದಲಾಗಿ ಸಾರಜನಕವನ್ನು ತುಂಬುವ ಪದ್ಧತಿಯೂ ಇದೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ಸಾರಜನಕವಿರುವುದರಿಂದ ಅದರ ಪ್ರಯೋಜನವು ಅಲ್ಪ. ಪುಕ್ಕಟೆಯಾಗಿ ಕೊಟ್ಟರೆ ಬೇಡವೆನ್ನಬೇಕಾಗಿಲ್ಲ, ಅದಕ್ಕಾಗಿ ಬೇರೆ ಹಣ ತೆರಬೇಕಾಗಿಯೂ ಇಲ್ಲ.

ಟಯರೆಂದರೆ ಕೇವಲ ರಬ್ಬರಿನ ಬಳೆಯೆಂದು ಭಾವಿಸತಕ್ಕದ್ದಲ್ಲ. ನಮ್ಮ ಹಿರಿಯರು ಚಕ್ರಕ್ಕೆ ನಾಭಿ, ಅರ, ನೇಮಿ ಎಂದು ಮೂರಂಗಗಳನ್ನು ಹೇಳಿದರು. ನೆಲವನ್ನು ಮುಟ್ಟುವುದು ನೇಮಿ. ಆ ನೇಮಿಗೆ ಗಾಳಿ ತುಂಬಿದ ಹೊದಿಕೆಯನ್ನು ತೊಡಿಸಿ ಬಳಕೆಗೆ ತಂದವನು ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. ತನ್ನ ಮಗನ ಮೂರು ಚಕ್ರದ ಬಂಡಿಗಾಗಿ ಮಾಡಿದ ಉಪಾಯಕ್ಕೆ ಅವನು 1888ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಕಾರಿನ ತೂಕ ಸುಮಾರು ಒಂದೂವರೆ ಟನ್ನು. ಅದೆಲ್ಲವೂ ನೆಲಕ್ಕೆ ತಗಲುವುದು ಒಂದೊಂದು ಅಂಗೈಯಷ್ಟು ಅಗಲದ ನಾಲ್ಕು ತಾಣಗಳಲ್ಲಿ ಮಾತ್ರ. ಗಂಟೆಗೆ 60 ಮೈಲಿ ಓಡುವಾಗ ಪ್ರತಿಯೊಂದು ಚಕ್ರವೂ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಆ ಚಕ್ರವನ್ನು ಗಾಡಿಗೆ ಹಿಡಿದಿಟ್ಟಿರುವುವು ನಾಲ್ಕೈದು ನಟ್ಟುಗಳು. ಅವನ್ನು ಬಿಗಿಯುವುದು ನಾವು ಹೆಸರನ್ನೂ ತಿಳಿಯದ ಒಬ್ಬನ ಕೈ.

ಇನ್ನು ಗಿರಾಕಿಗಳ ಅನುಭವವನ್ನು ವಿಚಾರಿಸೋಣ. ಮೊದಲನೆಯ ದೂರು ಕಾಲಹರಣದ್ದು. ನಮ್ಮ ಸ್ನೇಹಿತರೊಬ್ಬರ ಅಳಿಯನು ಬೆಳಿಗ್ಗೆ ಒಂಬತ್ತಕ್ಕೆ ವೇಳೆ ಗೊತ್ತುಮಾಡಿಕೊಂಡು ಹೋದವನು ಗಾಡಿಯನ್ನು ಹಿಂದಕ್ಕೆ ಪಡೆದದ್ದು ಮಧ್ಯಾಹ್ನ ಎರಡಕ್ಕೆ. ಉತ್ತರದ ಸಂಸ್ಥಾನಗಳಲ್ಲಿ ಮೊದಲ ಹಿಮ ಬೀಳುವ ಸೂಚನೆ ಬಂದೊಡನೆ ಊರಿಗೆ ಊರೇ ಚಳಿಗಾಲದ ಟಯರಿಗಾಗಿ ಅಂಗಡಿಗೆ ನುಗ್ಗುತ್ತದೆ. ಆ ದಿನಗಳಲ್ಲಿ ತಡವಾಗುವುದು ಸಹಜ. ಹಿಮಕ್ಕೆ ಒಂದು ತಿಂಗಳು ಮೊದಲೇ ಹೋಗುವುದು ಇದಕ್ಕಿರುವ ಮದ್ದು.

ಎರಡನೆಯ ದೂರು ನಿರಾಕರಣೆಯದು. ಟಯರಿನ ಭುಜದ ಬಳಿ ಮೊಳೆ ಹೊಕ್ಕಿದ್ದಿತೆಂದೂ, ಅಂಗಡಿಯವನು ಪಂಕ್ಚರು ಹಾಕಲಾಗದೆಂದು ಗಾಡಿಯನ್ನು ಹಾಗೆಯೇ ಹಿಂದಿರುಗಿಸಿದನೆಂದೂ, ಹೊಸ ಟಯರು ಮಾರುವುದಕ್ಕೆ ಇದೊಂದು ಹೂಟವೆಂದೂ ಒಬ್ಬ ತಾಯಿ ನಮ್ಮೊಡನೆ ಬಹಳ ನೊಂದು ಹೇಳಿದರು. ಆದರೆ ಈ ವಿಷಯದಲ್ಲಿ ನ್ಯಾಯವು ಅಂಗಡಿಯವನ ಕಡೆಗಿದೆ. ನೆಲವನ್ನು ಮುಟ್ಟುವ ನಡುಭಾಗದಲ್ಲಿ, ಕಾಲು ಅಂಗುಲಕ್ಕೆ ಮೀರದ ರಂಧ್ರವನ್ನು ಮಾತ್ರ, ಟಯರನ್ನು ಕಳಚಿ ಒಳಗಿನಿಂದ ಮುಚ್ಚಬಹುದು. ಭುಜವೂ ಪಕ್ಕದ ಗೋಡೆಯೂ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುವ ಭಾಗಗಳಾದುದರಿಂದ ಅಲ್ಲಿ ಹಾಕಿದ ತೇಪೆ ನಿಲ್ಲದು. ಅದೇ ರೀತಿ, ಎರಡೇ ಹೊಸ ಟಯರು ಕೊಂಡವರು ಅವನ್ನು ಮುಂದಕ್ಕೆ ಹಾಕೆಂದರೆ ಅಂಗಡಿಯವರು ಹಿಂದಕ್ಕೇ ಹಾಕುವೆವೆಂದು ಹಟಹಿಡಿಯುವರು. ಅದೂ ಸರಿಯೇ, ಒದ್ದೆ ರಸ್ತೆಯಲ್ಲಿ ಸವೆದ ಹಿಂಗಾಲು ಜಾರಿದರೆ ಗಾಡಿಯು ಬುಗುರಿಯಂತೆ ತಿರುಗಿಬಿಡುತ್ತದೆ. ಬೇಡವೆಂದವನೆಲ್ಲ ವಂಚಕನಲ್ಲ, ಆಗಲೆಂದವನೆಲ್ಲ ಹಿತೈಷಿಯೂ ಅಲ್ಲ.

ಮೂರನೆಯ ದೂರು ಮಾತ್ರ ಉಪೇಕ್ಷಿಸತಕ್ಕದ್ದಲ್ಲ. ನಮ್ಮ ಬಂಧುಗಳೊಬ್ಬರ ಮಗಳು ಒಂದು ಮಹಾಮಳಿಗೆಯಲ್ಲಿ ನಾಲ್ಕು ಟಯರುಗಳನ್ನು ಹಾಕಿಸಿದಳು. ಮೂರನೆಯ ದಿವಸ ಐದು ತಿಂಗಳ ಕೂಸನ್ನು ಹಿಂದಿನ ಆಸನದಲ್ಲಿ ಕಟ್ಟಿ ವೈದ್ಯರಲ್ಲಿಗೆ ಹೊರಟಾಗ ಎಡಗಡೆಯಿಂದ ಟಕಟಕನೆ ಸದ್ದು ಕೇಳಿಸಿತು. ಗಂಡನಿಗೆ ಟೆಲಿಫೋನಿನಲ್ಲಿ ತಿಳಿಸಲು, ರಸ್ತೆ ಕೆಟ್ಟಿರಬಹುದು, ಮನೆಗೆ ಬಂದಮೇಲೆ ನೋಡೋಣವೆಂದನಂತೆ. ಅವಳ ಮನಸ್ಸು ಒಪ್ಪಲಿಲ್ಲ. ಹೆದ್ದಾರಿಯನ್ನು ಹತ್ತದೆ ಸಮೀಪದ ದುರಸ್ತಿಯವನ ಬಳಿ ನಿಲ್ಲಿಸಿದಳು. ಐದು ನಟ್ಟುಗಳಲ್ಲಿ ನಾಲ್ಕು ಬೆರಳಿನಿಂದ ತಿರುಗಿಸಿದರೆ ತಿರುಗುವಂತಿದ್ದುವು! ಮಳಿಗೆಯವರು ಮರುದಿನ ಬಹಳ ವಿನಯದಿಂದ ಕ್ಷಮೆ ಕೇಳಿ, ನಾಲ್ಕು ಚಕ್ರಗಳನ್ನೂ ಮತ್ತೆ ಪರೀಕ್ಷಿಸಿ ಕೊಟ್ಟರು. ಕ್ಷಮೆಯೇನೋ ಯುಕ್ತವೇ. ಆದರೆ ಅಂದು ಆ ಹೆಣ್ಣುಮಗಳು ಗಂಡನ ಮಾತಿಗೆ ಒಪ್ಪಿ ಹೆದ್ದಾರಿಗೆ ಏರಿದ್ದರೆ, ಯಾರು ಯಾರನ್ನು ಕ್ಷಮಿಸಬೇಕಾಗಿತ್ತು?

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಏರ್ ಗನ್ನಿನಿಂದ ನಟ್ಟುಗಳನ್ನು ಅತಿಯಾಗಿ ಬಿಗಿದುಬಿಟ್ಟರೆ, ದಾರಿಯಲ್ಲಿ ಗಾಳಿ ಹೋದಾಗ ಸ್ಟೆಪ್ನಿ ಹಾಕಹೊರಟವನು ಗಾಡಿಯೊಡನೆ ಬಂದ ಗಿಡ್ಡ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತರೂ ಅವು ಕದಲವು. ಇಷ್ಟೇ ಬಿಗಿತವಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಸಾಧಾರಣ ಕಾರುಗಳಿಗೆ ಅದು ಸುಮಾರು 80ರಿಂದ 100 ಪೌಂಡ್-ಅಡಿ. ಅದನ್ನು ಅಳೆದು ಬಿಗಿಯುವುದಕ್ಕೆ ಟಾರ್ಕ್ ರೆಂಚೆಂಬ ಉಪಕರಣವಿದೆ. ನಟ್ಟುಗಳನ್ನು ಒಂದರ ಪಕ್ಕದಲ್ಲೊಂದಾಗಿ ಬಿಗಿಯದೆ, ನಕ್ಷತ್ರವನ್ನು ಬರೆಯುವ ಕ್ರಮದಲ್ಲಿ ಎದುರೆದುರಾಗಿ ಬಿಗಿಯುವುದು ವಿಧಿ.

ಇಂತಹ ತಪ್ಪು ನಡೆಯುವುದೇಕೆ? ಮಳಿಗೆಯ ಹೆಸರು ಒಂದಾದರೂ ಕೆಲಸ ಮಾಡುವ ಕೈಗಳು ಸಾವಿರಾರು. ಒಂದು ಊರಿನ ಶಾಖೆಯಲ್ಲಿ ಇಪ್ಪತ್ತು ವರ್ಷ ಪಳಗಿದವನಿರಬಹುದು. ಇನ್ನೊಂದರಲ್ಲಿ ಕಳೆದ ತಿಂಗಳು ಸೇರಿದ ಹುಡುಗನಿರಬಹುದು. ಗಂಟೆಯ ಲೆಕ್ಕದಲ್ಲಿ ಸಂಬಳ, ಸಾಲುಗಟ್ಟಿದ ಗಾಡಿಗಳು, ನಡುವೆ ಗಿರಾಕಿಯ ಅವಸರ. ಆದುದರಿಂದಲೇ ಒಂದೇ ಮಳಿಗೆಯನ್ನು ಒಬ್ಬರು ಹೊಗಳುವರು, ಮತ್ತೊಬ್ಬರು ಶಪಿಸುವರು. ಇಬ್ಬರ ಮಾತೂ ನಿಜ. ಹೆಸರನ್ನು ನಂಬಿ ಕಣ್ಣುಮುಚ್ಚುವುದೂ, ಒಬ್ಬನ ತಪ್ಪಿಗೆ ಹೆಸರನ್ನೇ ಹಳಿಯುವುದೂ ವಿವೇಕವಲ್ಲ.

ದೊಡ್ಡ ಹೆಸರಿನ ಕಂಪೆನಿಗಳೂ ಎಡವಿದ ಉದಾಹರಣೆಯಿದೆ. 2000ನೆಯ ಇಸವಿಯ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪೆನಿಯು ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಓಡುವಾಗಲೇ ಅವುಗಳ ಹೊರಪದರ ಕಿತ್ತುಬಂದು ಅನೇಕರು ಪ್ರಾಣ ಕಳೆದುಕೊಂಡಿದ್ದರು. ಅದೇ ವರ್ಷ ಅಮೆರಿಕಾ ಸರಕಾರವು ಹೊಸ ಶಾಸನವನ್ನು ಮಾಡಿತು. ಗಾಳಿ ಕಡಿಮೆಯಾದರೆ ಚಾಲಕನ ಎದುರಿಗೆ ದೀಪ ಹೊತ್ತಿಕೊಳ್ಳುವ ಏರ್ಪಾಡು 2007ರ ಸೆಪ್ಟೆಂಬರಿನಿಂದ ಅಲ್ಲಿಯ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು ಆ ಶಾಸನದ ಫಲ. ಟಯರು ಬದಲಿಸಿದ ಮೇಲೆ ಈ ದೀಪ ಆರದೆ ಉಳಿದರೆ, ಅಂಗಡಿಯಿಂದ ಹೊರಡುವ ಮುಂಚೆಯೇ ಕೇಳಬೇಕು.

ನಮ್ಮವರಲ್ಲಿ ಒಂದು ಸಂಕೋಚವಿದೆ. ಹಿಂದೆ ನಾವು ಮಗಳ ಮನೆಯಲ್ಲಿದ್ದಾಗ ಇಂತಹ ಮಳಿಗೆಯೊಂದಕ್ಕೆ ಹೋಗುವ ಸಂದರ್ಭ ಬಂದಿತು. ನಟ್ಟುಗಳನ್ನು ಅಳೆದು ಬಿಗಿಯುವರೇ ಎಂದು ಕೇಳೆಂದರೆ, ಮಗಳು, “ಸುಮ್ಮನಿರಿ ಅಪ್ಪಾ, ಅವರ ಕೆಲಸವನ್ನು ಅವರಿಗೇ ಹೇಳಿಕೊಡುವುದೇ? ಏನೆಂದುಕೊಂಡಾರು!” ಎಂದಳು. ನಾವೇ ನಮಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆವು. ಆ ಕೆಲಸಗಾರನು ಸಿಟ್ಟಾಗಲಿಲ್ಲ, ರೆಂಚನ್ನು ತಂದು ತೋರಿಸಿ, ಅದು ಟಕ್ಕೆಂದು ಸದ್ದುಮಾಡುವವರೆಗೆ ಬಿಗಿದು, ತಾನಾಗಿಯೇ ಮತ್ತೊಂದು ಮಾತು ಹೇಳಿದನು: “ನೂರು ಮೈಲಿಯೊಳಗೆ ಮತ್ತೆ ಬನ್ನಿ, ಇನ್ನೊಮ್ಮೆ ನೋಡಿಕೊಡುವೆನು.” ಬಹುಕಾಲ ಪಾಠ ಹೇಳಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಪ್ರಶ್ನೆ ಕೇಳುವ ವಿದ್ಯಾರ್ಥಿಯಿಂದ ಬಲ್ಲ ಉಪಾಧ್ಯಾಯನಿಗೆ ಅವಮಾನವಾಗದು. ತನ್ನ ಕೆಲಸವನ್ನು ಬಲ್ಲವನಿಗೆ ಅದನ್ನು ತೋರಿಸುವುದರಲ್ಲಿ ಸಂತೋಷವೇ ಉಂಟು.

ಆದುದರಿಂದ ಮಕ್ಕಳಿಗೆ ಪತ್ರ ಬರೆಯುವಾಗ ವಾಚಕರು ಈ ಕೆಲವು ಮಾತುಗಳನ್ನು ಸೇರಿಸಬಹುದು. ಟಯರಿನ ಮಗ್ಗುಲಲ್ಲಿ ಡಿ.ಓ.ಟಿ. ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರ ಮತ್ತು ವರ್ಷ. 3524 ಎಂದಿದ್ದರೆ 2024ನೆಯ ವರ್ಷದ 35ನೆಯ ವಾರ. ಚಕ್ರಕ್ಕೆ ಏರಿಸುವ ಮೊದಲೇ ಇದನ್ನು ನೋಡಿ, ಹಳೆಯ ದಾಸ್ತಾನಾದರೆ ಬೇಡವೆನ್ನಬೇಕು. ಅಳತೆಯೂ, ಭಾರ ಮತ್ತು ವೇಗಗಳ ಗುರುತೂ ಚಾಲಕನ ಬಾಗಿಲ ಚೌಕಟ್ಟಿನ ಮೇಲಣ ಚೀಟಿಗೆ ಹೊಂದಬೇಕು. ತುಂಬಬೇಕಾದ ಗಾಳಿಯ ಒತ್ತಡವೂ ಆ ಚೀಟಿಯಲ್ಲಿದ್ದಷ್ಟೇ; ಟಯರಿನ ಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಪರಮಾವಧಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಹಾಕಿಸಿದ ಮೇಲೆ 50ರಿಂದ 100 ಮೈಲಿಯೊಳಗೆ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿಸಬೇಕು. ಸ್ಥಾನ ಬದಲಿಸಿದ ರಶೀದಿಗಳನ್ನು ಜೋಪಾನವಾಗಿಡಬೇಕು. ಇಷ್ಟು ಮೈಲಿ ಬಾಳುವುದೆಂಬ ಭರವಸೆಯನ್ನು ಸಾಧಿಸಿಕೊಳ್ಳಲು ಅವೇ ಆಧಾರ. ಗೀರುಗಳ ಆಳವು 1.6 ಮಿಲಿಮೀಟರಿಗೆ ಇಳಿಯಿತೆಂದರೆ ಟಯರಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಮಳೆಯೂ ಹಿಮವೂ ಇರುವಲ್ಲಿ ಅಷ್ಟರವರೆಗೆ ಕಾಯುವುದೂ ಹಿತವಲ್ಲ. ಹೊಸದರ ಆಳವು ಸಾಮಾನ್ಯವಾಗಿ 8 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

ವಾರ ಮತ್ತು ವರ್ಷದ ಅಂಕಿಗಳು ನಮ್ಮ ದೇಶದಲ್ಲಿ ತಯಾರಾದ ಟಯರುಗಳ ಮೇಲೂ ಇರುತ್ತವೆ. ಅಮೆರಿಕಾದಲ್ಲಿ ಯಾರೂ ಇಲ್ಲದ ವಾಚಕರು ನಾಳೆ ಬೆಳಿಗ್ಗೆ ತಮ್ಮ ಅಂಗಳದಲ್ಲಿ ನಿಂತ ಗಾಡಿಯ ಬಳಿಗೆ ಹೋಗಿ, ಬಗ್ಗಿ, ಒಂದು ಒದ್ದೆ ಬಟ್ಟೆಯಿಂದ ಧೂಳೊರೆಸಿ ಅವನ್ನು ಓದಿ ನೋಡಬಹುದು. ಅಲಮತಿ ವಿಸ್ತರೇಣ.